ಹರಾಜಿಗೆ ಬಂದ ಹರಳುಗಳು ಮತ್ತು ನಮ್ಮ ಬರೋಡಾ

2025ರಲ್ಲಿ ಕ್ರಿಸ್ಟೀಸ್ ಸಂಸ್ಥೆ ಜಿನೀವಾದ ಮೇ ತಿಂಗಳ ಹರಾಜಿಗೆಂದು ಒಂದು ನೀಲಿ ವಜ್ರವನ್ನು ಪ್ರಕಟಿಸಿತು. ಹೆಸರು 'ಗೋಲ್ಕೊಂಡಾ ಬ್ಲೂ', ತೂಕ 23.24 ಕ್ಯಾರೆಟ್, ಅಂದಾಜು ಬೆಲೆ 3.5ರಿಂದ 5 ಕೋಟಿ ಡಾಲರ್. ಅದರ ಹಳೆಯ ಒಡೆಯರ ಪಟ್ಟಿಯಲ್ಲಿ ಎರಡು ಸಂಸ್ಥಾನಗಳಿದ್ದವು: ಇಂದೋರ್ ಮತ್ತು ನಾವು ಬದುಕು ಕಟ್ಟಿಕೊಂಡಿರುವ ಬರೋಡಾ.

ಗೋಲ್ಕೊಂಡ ಕೋಟೆಯಲ್ಲಿ ಗಣಿ ಇರಲಿಲ್ಲ, ಅದು ವಜ್ರದ ಪೇಟೆ. ಗಣಿಗಳಿದ್ದದ್ದು ಕೃಷ್ಣಾ ನದಿಯ ಬಯಲಿನಲ್ಲಿ. ಅವುಗಳಲ್ಲಿ ಪ್ರಸಿದ್ಧವಾದದ್ದು ಗುಂಟೂರು ಕಡೆಯ ಕೊಲ್ಲೂರು (ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ). 17ನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ, ಸುಮಾರು 60,000 ಜನ ದುಡಿಯುತ್ತಿದ್ದರು ಎಂದು ಬರೆದಿದ್ದಾನೆ. ಅದಕ್ಕೂ ಹಿಂದೆ ವಿಜಯನಗರದ ಕಾಲದಲ್ಲಿ, ಗಣಿ ಗುತ್ತಿಗೆ ಹಿಡಿದವನು ನಿಗದಿತ ತೂಕ ಮೀರಿದ ಹರಳನ್ನೆಲ್ಲ ಅರಸನಿಗೆ ಒಪ್ಪಿಸಬೇಕಿತ್ತೆಂದು ಪೋರ್ಚುಗೀಸ್ ಪ್ರವಾಸಿ ನೂನಿಜ್ ದಾಖಲಿಸಿದ್ದಾನೆ. ಇಂದು ಆ ಹಳೆಯ ಗಣಿಗಳು ಬರಿದಾಗಿವೆ. ಹೊಸ ಕಲ್ಲು ಬರುವ ದಾರಿ ಮುಚ್ಚಿರುವುದರಿಂದಲೇ 'ಗೋಲ್ಕೊಂಡ' ಎಂಬ ಒಂದು ಪದ ಬೆಲೆಯನ್ನು ಏರಿಸುತ್ತದೆ.

ಬರೋಡಾದ ಖಜಾನೆ ಭಾರತದ ಗಣಿಗಳಿಗಷ್ಟೇ ಸೀಮಿತವಾಗಿರಲಿಲ್ಲ. 1853ರಲ್ಲಿ ಬ್ರೆಜಿಲ್‌ನಲ್ಲಿ ಗುಲಾಮ ಹೆಂಗಸೊಬ್ಬಳಿಗೆ ಸಿಕ್ಕ ಭಾರೀ ವಜ್ರವನ್ನು ಸಾಣೆ ಹಿಡಿದಾಗ 128 ಕ್ಯಾರೆಟ್‌ನ 'ಸ್ಟಾರ್ ಆಫ್ ದ ಸೌತ್' ಆಯಿತು. ಅದನ್ನು ಕೊಂಡವರು ಮಹಾರಾಜ ಖಂಡೇರಾವ್ ಗಾಯಕವಾಡ್. ಸುಮಾರು 1865ರಲ್ಲಿ ಲಕ್ಷಾಂತರ ಮುತ್ತು ಪೋಣಿಸಿ ರತ್ನಗಂಬಳಿ ಮಾಡಿಸಿದವರೂ ಅವರೇ. ಮದೀನಾದ ಪ್ರವಾದಿಯವರ ಸಮಾಧಿಗೆ ಅರ್ಪಿಸಲೆಂದು ಹಿಂದೂ ಅರಸರು ಅದನ್ನು ನೇಯಿಸಿದರೆಂಬ ಪ್ರತೀತಿ ಇದೆ. ಆ ಗಂಬಳಿ 2009ರಲ್ಲಿ ದೋಹಾದಲ್ಲಿ ಸೋದಬೀಸ್ ಹರಾಜಿನಲ್ಲಿ ಸುಮಾರು 55 ಲಕ್ಷ ಡಾಲರಿಗೆ ಹೋಯಿತು. ಬರೋಡಾದ ಎರಡೆಳೆ ಮುತ್ತಿನ ಹಾರ 2007ರಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 71 ಲಕ್ಷ ಡಾಲರಿಗೆ ಮಾರಾಟವಾಯಿತು. ಮರ್ಲಿನ್ ಮನ್ರೋ ಧರಿಸಿದ್ದ ಹಳದಿ ವಜ್ರ 'ಮೂನ್ ಆಫ್ ಬರೋಡಾ' 2018ರಲ್ಲಿ ಹಾಂಗ್‌ಕಾಂಗಿನಲ್ಲಿ ಕೈ ಬದಲಾಯಿಸಿತು.

ಇವೆಲ್ಲ ಹೊರಗೆ ಹೋದದ್ದು ಹೇಗೆ? ಮಹಾರಾಜ ಪ್ರತಾಪಸಿಂಗರು ಮತ್ತು ರಾಣಿ ಸೀತಾದೇವಿಯವರ ಕಾಲದಲ್ಲಿ ಹಲವು ಒಡವೆಗಳು ಯುರೋಪ್ ಸೇರಿದವು. ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯದಂತೆ ತಡೆಯುವ ಈಗಿನ ಕಾಯ್ದೆ ಬಂದದ್ದು 1972ರಲ್ಲಿ. ಅಷ್ಟರಲ್ಲಿ ಹಕ್ಕಿ ಹಾರಿಹೋಗಿತ್ತು.

ಆದರೂ ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದಕ್ಕೆ 2025ರಲ್ಲೇ ಉದಾಹರಣೆ ಸಿಕ್ಕಿತು. 1898ರಲ್ಲಿ ಉತ್ತರ ಪ್ರದೇಶದ ಪಿಪ್ರಾಹ್ವಾ ಸ್ತೂಪದಲ್ಲಿ ಬುದ್ಧನ ಅಸ್ಥಿಯೊಂದಿಗೆ ಸಿಕ್ಕ ರತ್ನಗಳು ಹಾಂಗ್‌ಕಾಂಗಿನಲ್ಲಿ ಹರಾಜಿಗೆ ಬಂದಾಗ ಸರ್ಕಾರ ನೋಟಿಸ್ ಕಳಿಸಿತು. ಹರಾಜು ನಿಂತಿತು. ಗೋದ್ರೆಜ್ ಸಮೂಹದ ನೆರವಿನಿಂದ ಜುಲೈನಲ್ಲಿ ರತ್ನಗಳು ಸ್ವದೇಶಕ್ಕೆ ಮರಳಿದವು. ಪೂಜ್ಯ ಅಸ್ಥಿಯ ಜೊತೆಗಿದ್ದ ರತ್ನಕ್ಕೂ ಅರಸರ ಸ್ವಂತ ಒಡವೆಗೂ ವ್ಯತ್ಯಾಸವಿದೆ, ನಿಜ. ಆದರೆ ಎರಡಕ್ಕೂ ಮೊದಲ ಪ್ರಶ್ನೆ ಒಂದೇ: ಇದು ಯಾರ ಕೈಯಿಂದ ಯಾರ ಕೈಗೆ, ಹೇಗೆ ಹೋಯಿತು? ನಮ್ಮ ಐಟಿಯವರ ಮಾತಿನಲ್ಲಿ ಹೇಳುವುದಾದರೆ, ಆಡಿಟ್ ಟ್ರೇಲ್ ತೋರಿಸಿ ಎನ್ನುವುದು.

ಆ ಟ್ರೇಲ್‌ನಲ್ಲಿ ರಾಜರು, ಆಭರಣ ಸಂಸ್ಥೆಗಳು, ನಟಿಯರು ಎಲ್ಲ ಇದ್ದಾರೆ. ಅಗೆದವರಿಲ್ಲ, ಸಾಣೆ ಹಿಡಿದವರಿಲ್ಲ. ಇಂದಿಗೂ ಹಾಗೆಯೇ. ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಸಾಣೆ ಕಾಣುವುದು ಭಾರತದಲ್ಲಿ, ಹೆಚ್ಚಿನವು ಸೂರತ್ತಿನಲ್ಲಿ. ಅಹಮದಾಬಾದಿನ ಬಾಪುನಗರದಲ್ಲೂ ಸಾಣೆ ಚಕ್ರಗಳು ತಿರುಗುತ್ತವೆ. 2023ರ ಡಿಸೆಂಬರ್‌ನಲ್ಲಿ 4,500ಕ್ಕೂ ಹೆಚ್ಚು ಕಚೇರಿಗಳ ಸೂರತ್ ಡೈಮಂಡ್ ಬೋರ್ಸ್ ಉದ್ಘಾಟನೆಯಾಯಿತು. ಆದರೆ 'ರತ್ನ ಕಲಾಕಾರ' ಎಂದು ಕರೆಸಿಕೊಳ್ಳುವ ಬಹಳಷ್ಟು ಕೆಲಸಗಾರರಿಗೆ ಕೂಲಿ ಸಿಗುವುದು ಹರಳಿನ ಲೆಕ್ಕದಲ್ಲಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಮೊದಲ ಏಟು ಬಿದ್ದದ್ದು ಅವರ ಹೊಟ್ಟೆಯ ಮೇಲೆ.

ಕಳೆದುಹೋದ ಹರಳಿಗಾಗಿ ಮರುಗುವುದು ಸಹಜ. ಅದರ ಅರ್ಧದಷ್ಟಾದರೂ ಕಾಳಜಿ, ಹರಳಿಗೆ ಹೊಳಪು ಕೊಡುವ ನಮ್ಮ ನೆರೆಯವರ ಬದುಕಿನ ಬಗ್ಗೆಯೂ ಇರಲಿ. ವಜ್ರಗಳು ಊರು ಬಿಟ್ಟು ಹೋದವು, ಅವುಗಳನ್ನು ಹೊಳೆಯಿಸುವ ಕೈಗಳು ಇನ್ನೂ ಇಲ್ಲೇ ಇವೆ.