ಗೆಜೆಟಿಯರಿನ ಮಾತು, ಲಾವಣಿಯ ಮಾತು

ಅಥಣಿ ಸೀಮೆ ಬ್ರಿಟಿಷರ ಪಾಲಾದದ್ದು 1839ರಲ್ಲಿ. ನಿಪ್ಪಾಣಿ ಸಂಸ್ಥಾನಕ್ಕೆ ವಾರಸುದಾರರಿಲ್ಲ, ಹಾಗಾಗಿ ಸೀಮೆ ಸರ್ಕಾರಕ್ಕೆ ಸೇರಿತು ಎಂದು ಗೆಜೆಟಿಯರ್ ಅದನ್ನು ಒಂದು ಸಾಲಿನಲ್ಲಿ ಮುಗಿಸುತ್ತದೆ. ಓದಿದವರಿಗೆ ಯಾರೂ ಏನನ್ನೂ ಕಿತ್ತುಕೊಂಡಂತೆ ಕಾಣುವುದಿಲ್ಲ. ನೆಲವೇ ಎದ್ದು ನಡೆದು ಈಸ್ಟ್ ಇಂಡಿಯಾ ಕಂಪನಿಯ ಮಡಿಲು ಸೇರಿದಂತಿದೆ.

ಚಿಕ್ಕೋಡಿಯ ಕಾಗದಪತ್ರದಲ್ಲೂ ಇದೇ ಜಾಣತನ. ಪೇಶ್ವೆಯ ವಿರುದ್ಧದ ಯುದ್ಧದಲ್ಲಿ ಕಂಪನಿಯ ಬೆನ್ನಿಗೆ ನಿಂತ ಕೊಲ್ಹಾಪುರದ ಅರಸನಿಗೆ ಚಿಕ್ಕೋಡಿ, ಮುನವಳ್ಳಿ ಪರಗಣೆಗಳು ಬಹುಮಾನವಾಗಿ ಸಿಕ್ಕವು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕಂಪನಿಯ ಸೈನ್ಯ ಅದೇ ಅರಸನ ಮೇಲೆ ಬಂತು, ಕೊಟ್ಟ ಪರಗಣೆಗಳನ್ನೇ ವಾಪಸ್ ಬರೆಸಿಕೊಂಡಿತು. ತೋಪು ತಂದು ನಿಲ್ಲಿಸಿ ಹಾಕಿಸಿಕೊಂಡ ಸಹಿಗೂ ದಾಖಲೆಯಲ್ಲಿ ಒಪ್ಪಂದವೆಂದೇ ಹೆಸರು. ಬಹುಮಾನ ಕೊಡುವಾಗಲಾಗಲಿ ಕಸಿಯುವಾಗಲಾಗಲಿ, ಹೊಲದಲ್ಲಿ ದುಡಿಯುತ್ತಿದ್ದವನನ್ನು ಯಾರೂ ಕೇಳಿರಲಿಲ್ಲ.

ಇದೇ ಭಾಷೆ ಯುದ್ಧದವರೆಗೂ ಹೋದದ್ದು ಕಿತ್ತೂರಿನಲ್ಲಿ. 1824ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅರಸ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತಕ ತೆಗೆದುಕೊಂಡ ಮಗನಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕಪತ್ರದ ಸಹಿಯ ಮೇಲೆಯೇ ಅನುಮಾನ ಎತ್ತಿದ, ಖಜಾನೆಗೆ ಮೊಹರು ಹಾಕಿಸಿದ, ಕಾವಲು ನಿಲ್ಲಿಸಿದ. ಇಷ್ಟೂ ಕೆಲಸ ಹೊರನೋಟಕ್ಕೆ ಕಾಗದಪತ್ರ ಪರಿಶೀಲನೆ, ಆಸ್ತಿ ರಕ್ಷಣೆ. ಅಕ್ಟೋಬರಿನಲ್ಲಿ ಅದೇ ಕಲೆಕ್ಟರ್ ತೋಪುಗಳೊಂದಿಗೆ ಕೋಟೆಯ ಬಾಗಿಲಿಗೆ ಬಂದ. 23ರಂದು ನಡೆದ ಕಾಳಗದಲ್ಲಿ ಆತ ಸತ್ತ. ಇಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ರಾಣಿ ಚೆನ್ನಮ್ಮನಿಗೆ ಸೆರೆ ಸಿಕ್ಕರು. ಅವರನ್ನು ಬಿಟ್ಟರೆ ಯುದ್ಧ ನಿಲ್ಲುತ್ತದೆ ಎಂಬ ಭರವಸೆ ಕಮಿಷನರ್ ಚಾಪ್ಲಿನ್ ಕಡೆಯಿಂದ ಬಂತು. ರಾಣಿ ನಂಬಿ ಬಿಟ್ಟಳು. ಡಿಸೆಂಬರಿನಲ್ಲಿ ಮೊದಲಿಗಿಂತ ದೊಡ್ಡ ಸೈನ್ಯ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ತಮ್ಮ ಸಂಸ್ಥಾನವನ್ನು ತಾವೇ ಕಾಯಲು ನಿಂತವರನ್ನು ಸರ್ಕಾರಿ ಕಡತ ದಂಗೆಕೋರರು ಎಂದು ಬರೆದುಕೊಂಡಿತು. ಒಮ್ಮೆ ಆ ಹೆಸರು ಅಂಟಿದ ಮೇಲೆ 1831ರ ಜನವರಿಯಲ್ಲಿ, ಕಿತ್ತೂರಿನ ಪರ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ನೇಣಿಗೇರಿಸಿದ್ದನ್ನೂ ಕಾನೂನುಪಾಲನೆ ಎನ್ನುವುದು ಸುಲಭವಾಯಿತು.

1857ರಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆ ಬಂತು. ಸರ್ಕಾರದ ಪಾಲಿಗೆ ಅದು ಶಾಂತಿಯ ಕ್ರಮ. ಮುಧೋಳದ ಹತ್ತಿರದ ಹಲಗಲಿಯ ಬೇಡರಿಗೆ ಹತಾರವೇ ಹೊಟ್ಟೆಪಾಡು, ಅದೇ ಮಾನ. ಅವರು ಒಪ್ಪಿಸಲಿಲ್ಲ. ಊರಿಗೆ ಬೆಂಕಿ ಬಿತ್ತು, 19 ಜನರನ್ನು ಗಲ್ಲಿಗೇರಿಸಲಾಯಿತು.

ಆದರೆ ಕಡತದ ಮಾತೇ ಕೊನೆಯ ಮಾತಾಗಲಿಲ್ಲ. ಊರೂರು ತಿರುಗುವ ಲಾವಣಿಕಾರರು ಹಲಗಲಿ, ರಾಯಣ್ಣನ ಕಥೆಗಳನ್ನು ತಾವು ಕಂಡಂತೆ ಕಟ್ಟಿ ಹಾಡಿದರು. ಅವನ್ನು ಹುಡುಕಿ ಬರೆದುಕೊಂಡು, 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್, ಮುಂಬೈ ಸರ್ಕಾರದ ಸಿವಿಲ್ ಅಧಿಕಾರಿ. ಆಳುವವರ ಮನುಷ್ಯನೊಬ್ಬ ಸೋತವರ ಮಾತನ್ನು ಉಳಿಸಿಕೊಟ್ಟದ್ದು ಈ ನಾಡಿನ ಪುಣ್ಯ. ಶಾಲೆಗಳಲ್ಲಿ ಗೆಜೆಟಿಯರಿನ ಜೊತೆ ಆ ಲಾವಣಿಗಳನ್ನೂ ಓದಿಸಬೇಕು.

ಪರಕೀಯರಷ್ಟೇ ಹೀಗೆ ಮಾಡಿದರು ಎಂದುಕೊಳ್ಳುವುದು ಬೇಡ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿದ್ದು ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ನೇತೃತ್ವದ ಭಾರತದ ಸೇನೆ, ಟ್ಯಾಂಕುಗಳೂ ಇದ್ದವು. ಅದಕ್ಕೆ ಇಟ್ಟ ಹೆಸರು ‘ಪೊಲೀಸ್ ಆಕ್ಷನ್’. ನಿಜಾಮನ ಪರ ನಿಂತ ರಜಾಕಾರರ ಹಾವಳಿ ನಿಜ, ಕಲ್ಯಾಣ ಕರ್ನಾಟಕಕ್ಕೆ ಬಿಡುಗಡೆ ಸಿಕ್ಕದ್ದೂ ನಿಜ. ಆದರೆ ಆಮೇಲಿನ ಹಿಂಸೆಯ ಕುರಿತ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಹೊರದೇಶಗಳಲ್ಲೂ ಇದೇ ಕಥೆ. ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳಿವೆ ಎಂದು 2003ರ ಫೆಬ್ರುವರಿಯಲ್ಲಿ ಅಮೆರಿಕದ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ವಾದಿಸಿದರು. ಯುದ್ಧವಾಯಿತು, ಅಸ್ತ್ರಗಳು ಸಿಗಲಿಲ್ಲ. ಉಕ್ರೇನ್ ಮೇಲಿನ ದಾಳಿಗೆ ರಷ್ಯಾ ಇಟ್ಟ ಹೆಸರು ‘ವಿಶೇಷ ಸೇನಾ ಕಾರ್ಯಾಚರಣೆ’. ಸೇನೆಯ ಬಗ್ಗೆ ‘ಸುಳ್ಳು ಮಾಹಿತಿ’ ಹರಡಿದರೆ 15 ವರ್ಷದವರೆಗೆ ಜೈಲು ಎಂಬ ಕಾಯ್ದೆಯೂ ಅಲ್ಲಿ ಬಂತು.

2025ರ ಮೇನಲ್ಲಿ ಪಾಕಿಸ್ತಾನದ ವಿರುದ್ಧ ಭಾರತದ ‘ಆಪರೇಷನ್ ಸಿಂಧೂರ’ ನಡೆದಾಗ ಯುದ್ಧಕಾಲದ ಸುಳ್ಳಿನ ಈ ಪಿಡುಗು ಬೆಳಗಾವಿ ಜಿಲ್ಲೆಯ ಮನೆಬಾಗಿಲಿಗೇ ಬಂತು. ಹಲವು ಟಿವಿ ಚಾನೆಲ್‌ಗಳು ಕರಾಚಿ ಬಂದರು ನಾಶವಾಯಿತೆಂದು ರಾತ್ರಿಯಿಡೀ ಕೂಗಿದವು. ಅದು ಸುಳ್ಳು. ಗುಜರಾತಿನ ಹಜೀರಾ ಬಂದರಿನ ಮೇಲೆ ದಾಳಿ ಎಂದು ಓಡಾಡಿದ ವಿಡಿಯೊ 2021ರ ತೈಲ ಟ್ಯಾಂಕರ್ ಸ್ಫೋಟದ್ದು. ಸೈರನ್ ಸದ್ದನ್ನು ಕಾರ್ಯಕ್ರಮಗಳಲ್ಲಿ ಬಳಸಬೇಡಿ ಎಂದು ಸರ್ಕಾರವೇ ಚಾನೆಲ್‌ಗಳಿಗೆ ಸೂಚಿಸಬೇಕಾಯಿತು. ಕಾರ್ಯಾಚರಣೆಯ ವಿವರ ನೀಡಿದ ಕರ್ನಲ್ ಸೋಫಿಯಾ ಖುರೇಷಿಯವರ ಗಂಡನ ಮನೆ ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲಿದೆ. ಆ ಮನೆಯ ಮೇಲೆ ದಾಳಿಯಾಗಿದೆ ಎಂಬ ಬರಹ ‘ಎಕ್ಸ್’ ಜಾಲತಾಣದಲ್ಲಿ ಹಬ್ಬಿತು. ಇದು ಶುದ್ಧ ಸುಳ್ಳು ಎಂದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಭೀಮಾಶಂಕರ ಗುಳೇದ ಸ್ಪಷ್ಟಪಡಿಸಿದರು.

ರಾಯಬಾಗದಿಂದ ಕೊಣ್ಣೂರು ದೂರವಲ್ಲ. ರೈಲು ಹತ್ತಿ ಘಟಪ್ರಭಾದಲ್ಲಿ ಇಳಿದರೆ ಊರು ಹತ್ತಿರವೇ. ಕಾಗವಾಡದಲ್ಲೋ ಅಥಣಿಯಲ್ಲೋ ಕೂತು ಅಂಥ ಸುದ್ದಿ ನೋಡಿದವರು ಆ ಕಡೆಯ ಬೀಗರಿಗೋ ಗೆಳೆಯರಿಗೋ ಒಂದು ಫೋನ್ ಮಾಡಿದ್ದರೂ ಸಾಕಿತ್ತು. ಮಿಲಿಟರಿಗೆ ಹೋದ ಮಕ್ಕಳಿಗಾಗಿ ಎಷ್ಟೋ ತಾಯಂದಿರು ದಿನವೂ ಫೋನಿನ ಮುಂದೆ ಕಾಯುವ ಸೀಮೆ ಇದು. ಗಡಿಯಲ್ಲಿ ಮತ್ತೆ ಗುಂಡಿನ ಸದ್ದು ಕೇಳಿದ ದಿನ ಕೈಗೆ ಬಂದ ವಿಡಿಯೊ ಯಾವ ವರ್ಷದ್ದು, ಎಲ್ಲಿಯದು, ಹೇಳುತ್ತಿರುವವರು ಯಾರು ಎಂದು ವಿಚಾರಿಸಿ. ಉತ್ತರ ಸಿಗದಿದ್ದರೆ ದಯವಿಟ್ಟು ಇನ್ನೊಬ್ಬರಿಗೆ ಕಳಿಸಬೇಡಿ.