ಕಾತ್ರಜದ ನೀರು, ನೀರಾ ಕಣಿವೆಯ ಉಪ್ಪು

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ರಾತ್ರಿ ಬಸ್ಸಿಗೆ ಪುಣೆಗೆ ಬರುವವರಿಗೆ ಕಾತ್ರಜ ಎಂದರೆ ನಿದ್ದೆಗಣ್ಣಲ್ಲಿ ಚೀಲ ಹುಡುಕುವ ಹೊತ್ತು. ಘಾಟಿನ ಬುಡದ ಕೆರೆಯನ್ನು ನೋಡುವವರು ಕಡಿಮೆ. 18ನೇ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶ್ವೆ ಇಲ್ಲಿ ಅಂಬಿಲ ಓಢಾ ಎಂಬ ಹಳ್ಳಕ್ಕೆ ಒಡ್ಡು ಹಾಕಿಸಿ, ಒಂದರ ಕೆಳಗೊಂದರಂತೆ ಎರಡು ಕೆರೆ ಕಟ್ಟಿಸಿದ. ಮೇಲಿನದರಲ್ಲಿ ಹೂಳು ನಿಲ್ಲುತ್ತಿತ್ತು. ಕೆಳಗಿನದರ ನೀರು ನೆಲದಡಿಯ ಗಾರೆ ಕಾಲುವೆಯಲ್ಲಿ, ಬರೀ ಇಳಿಜಾರಿನ ಬಲದಿಂದ, ಶನಿವಾರವಾಡೆಗೂ ಪೇಟೆಗಳ ತೊಟ್ಟಿಗಳಿಗೂ ಹರಿದುಹೋಗುತ್ತಿತ್ತು.

ಗಾರೆಯ ಕಾಲುವೆಯಲ್ಲಿ ಹರಿದ ನೀರಿಗೂ ಮಣ್ಣಿಗೂ ಸಂಬಂಧವೇ ಬರಲಿಲ್ಲ. ಅದೇ ನೀರು ಮಣ್ಣಿನೊಳಗೆ ಹಾದು ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಹೂಳು ಕೆರೆಯ ತಳದಲ್ಲಿ ಕೂರುತ್ತದೆ, ನೀರಲ್ಲಿ ಕರಗಿದ್ದು ಕೂರುವುದಿಲ್ಲ. ಅದನ್ನು ಹಿಡಿಯುವುದೋ ಬಿಡುವುದೋ ಮಣ್ಣಿಗೆ ಸೇರಿದ ವಿಷಯ.

ಮೊದಲು ನೀರಿನ ಮಾತು. ಫ್ರಾನ್ಸಿನ ಡಿಜಾನ್ ಪಟ್ಟಣಕ್ಕೆ ಕುಡಿಯುವ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ, ಉದ್ದನೆಯ ಕೊಳವೆಗೆ ಮರಳು ತುಂಬಿ ಅದರೊಳಗೆ ಹಾದುಬಂದ ನೀರನ್ನು ಅಳೆದು, 1856ರಲ್ಲಿ ಫಲಿತಾಂಶ ಪ್ರಕಟಿಸಿದ. ಮೇಲಿನ ನೀರಿನ ಎತ್ತರ ಹೆಚ್ಚಿದಷ್ಟೂ ಹರಿವು ಹೆಚ್ಚು, ಮರಳಿನ ಪದರ ದಪ್ಪವಾದಷ್ಟೂ ಹರಿವು ಕಡಿಮೆ. ಉಳಿದದ್ದು ಆಯಾ ಮಣ್ಣಿನ ಗುಣ. ಅಂತರ್ಜಲದ ಲೆಕ್ಕವೆಲ್ಲ ಇಂದಿಗೂ ಈ ನಿಯಮದ ಮೇಲೆಯೇ ನಿಂತಿದೆ.

ಆ ಗುಣ ಯಾವುದು? ರಂಧ್ರದ ಅಗಲ. ಎರೆಮಣ್ಣಿನಲ್ಲಿ ಒಟ್ಟು ಖಾಲಿ ಜಾಗ ಮರಳಿಗಿಂತ ಹೆಚ್ಚೇ ಇರುತ್ತದೆ. ಆದರೂ ಮರಳಿನಲ್ಲಿ ಸರ್ರನೆ ಇಳಿಯುವ ನೀರು ಎರೆಯಲ್ಲಿ ನಿಂತುಬಿಡುತ್ತದೆ. ಕೊಳವೆಯ ಅಗಲ ಅರ್ಧಕ್ಕಿಳಿದರೆ ಅದರಲ್ಲಿ ಹರಿಯುವ ನೀರು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎರೆಯ ರಂಧ್ರಗಳಂತೂ ಕಣ್ಣಿಗೆ ಕಾಣದಷ್ಟು ಸಣ್ಣವು. ಜೊತೆಗೆ ಅದರ ಜೇಡಿಕಣಗಳು ಹಪ್ಪಳದ ಅಟ್ಟಿಯಂತೆ ಪದರ ಪದರವಾಗಿದ್ದು, ನಡುವೆ ನೀರು ಸೇರಿದರೆ ಉಬ್ಬುತ್ತವೆ, ಆರಿದರೆ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವುದು ಇದೇ ಕಾರಣಕ್ಕೆ. ಮೊದಲ ಮಳೆ ಆ ಬಿರುಕುಗಳಲ್ಲಿ ಧುಮುಕಿ ಮೊಳಕೈ ಆಳಕ್ಕೋ ಇನ್ನೂ ಕೆಳಕ್ಕೋ ಹೋಗುತ್ತದೆ, ಪಕ್ಕದ ಹೆಂಟೆಯ ಒಡಲು ಮಾತ್ರ ಒಣಗಿಯೇ ಇರುತ್ತದೆ! ನಾಲ್ಕು ದಿನ ಮಳೆ ಹಿಡಿದರೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ತಾಸಿಗೆ ಒಂದೆರಡು ಮಿಲಿಮೀಟರು ಇಳಿದರೆ ಹೆಚ್ಚು. ಕೋಲಾರ, ತುಮಕೂರಿನ ಕೆಂಪುಮಣ್ಣಿಗೆ ಈ ನಾಟಕ ಗೊತ್ತಿಲ್ಲ.

ಈಗ ಕರಗಿದ್ದರ ಮಾತು. ತಳ ಕತ್ತರಿಸಿದ ಬಾಟಲಿಯನ್ನು ತಲೆಕೆಳಗು ಮಾಡಿ, ಬಾಯಿಗೆ ಹತ್ತಿ ತುರುಕಿ, ಎರೆಮಣ್ಣಿನ ಪುಡಿಗೆ ಮರಳು ಬೆರೆಸಿ ತುಂಬಿ. ಹುಣ್ಣಿಗೆ ಹಚ್ಚುವ ನೇರಳೆ ಔಷಧ ಜೆನ್ಷನ್ ವಯೊಲೆಟ್ಟನ್ನು ನೀರಿಗೆ ನಾಲ್ಕು ಹನಿ ಹಾಕಿ ಮೇಲಿನಿಂದ ಸುರಿಯಿರಿ. ಕೆಳಗೆ ತೊಟ್ಟಿಕ್ಕುವ ನೀರಿನಲ್ಲಿ ಬಣ್ಣವೇ ಇರುವುದಿಲ್ಲ. ಇನ್ನೊಂದು ಬಾಟಲಿಗೆ ಇಯೋಸಿನ್ ಎಂಬ ಕೆಂಪು ಬಣ್ಣದ ನೀರು ಹಾಕಿದರೆ ಅದು ಕೆಂಪಾಗಿಯೇ ಹೊರಬರುತ್ತದೆ. ಮಣ್ಣು ಸೋಸುತ್ತಿಲ್ಲ, ಎರಡೂ ಪೂರ್ತಿ ಕರಗಿದವೇ. ಜೇಡಿಕಣದ ಮೈಯಲ್ಲಿ ಋಣ ವಿದ್ಯುದಂಶವಿದೆ. ನೇರಳೆಯದು ಧನ, ಆದ್ದರಿಂದ ಅಂಟಿಕೊಂಡಿತು. ಕೆಂಪಿನದು ಋಣ, ಆದ್ದರಿಂದ ಜಾರಿಹೋಯಿತು. ಎರೆಮಣ್ಣಿನ ಮುಖ್ಯ ಜೇಡಿ ಮಾಂಟ್‌ಮೊರಿಲೊನೈಟ್‌ನ ಒಂದೇ ಗ್ರಾಮಿನಲ್ಲಿ 600ರಿಂದ 800 ಚದರ ಮೀಟರಿನಷ್ಟು ಮೈ ಇದೆ. ಕೆಂಪುಮಣ್ಣಿನ ಕಯೊಲಿನೈಟ್‌ಗೆ 10–20 ಇದ್ದೀತು.

ಯೂರಿಯಾದ ಪಾಡೂ ಹೀಗೆಯೇ. ಯೂರಿಯಾಕ್ಕೆ ವಿದ್ಯುದಂಶವಿಲ್ಲ. ಚೆಲ್ಲಿದ ಸಂಜೆಯೇ ಜೋರು ಮಳೆ ಬಂದರೆ ನೀರಿನ ಹಿಂದೆಯೇ ಹೊರಡುತ್ತದೆ. ಕೆಲವು ದಿನ ಉಳಿದರೆ ಅಮೋನಿಯಂ ಆಗಿ ಮಣ್ಣನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿನದು ಋಣ, ಬೇರಿಗೆ ಸಿಗದೆ ಉಳಿದದ್ದು ಬಾವಿಯ ದಾರಿ ಹಿಡಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ಮಾನಕವಿದೆ.

ಮಣ್ಣಿನ ಈ ಕೊಡು-ಕೊಳ್ಳುವಿಕೆ ಮೊದಲು ಕಂಡದ್ದು ಇಂಗ್ಲೆಂಡಿನ ಯಾರ್ಕ್‌ಶೈರಿನ ಜಮೀನುದಾರ ಎಚ್. ಎಸ್. ಥಾಂಪ್ಸನ್‌ಗೆ. ಅವನು ಮಣ್ಣಿಗೆ ಅಮೋನಿಯಂ ಸಲ್ಫೇಟ್ ಸುರಿದ, ಕೆಳಗೆ ಬಂದದ್ದು ಜಿಪ್ಸಂ! ಮಣ್ಣು ಅಮೋನಿಯಂ ಇಟ್ಟುಕೊಂಡು, ಅದರ ಬದಲಿಗೆ ತನ್ನಲ್ಲಿದ್ದ ಕ್ಯಾಲ್ಸಿಯಂ ಬಿಟ್ಟುಕೊಟ್ಟಿತ್ತು. 1850ರಲ್ಲಿ ಜೆ. ಥಾಮಸ್ ವೇ ಎಂಬ ರಸಾಯನಜ್ಞ ಇದನ್ನು ವಿವರವಾಗಿ ಬರೆದ.

ಇದೇ ವಿದ್ಯೆ ಕಾತ್ರಜ ಘಾಟಿನ ಆಚೆ ಕೆಲಸಕ್ಕೆ ಬಂತು. ಸಾತಾರಾ ರಸ್ತೆಯಲ್ಲಿ ದಾಟುವ ನೀರಾ ನದಿಗೆ 19ನೇ ಶತಮಾನದ ಕೊನೆಗೆ ಎಡದಂಡೆ ಕಾಲುವೆ ಆಯಿತು. ಒಣ ಎರೆಹೊಲಕ್ಕೆ ವರ್ಷವಿಡೀ ನೀರು, ಕಬ್ಬು, ದುಡ್ಡು. ಹೆಚ್ಚು ಕಾಲ ಕಳೆಯಲಿಲ್ಲ, ತಗ್ಗಿನ ಹೊಲಗಳ ಮೇಲೆ ಬಿಳಿ ಪುಡಿ ಕಾಣಿಸಿತು. ಪುಣೆ ಕೃಷಿ ಕಾಲೇಜಿನ ಪ್ರಾಂಶುಪಾಲ ಹೆರಾಲ್ಡ್ ಮ್ಯಾನ್, ವಿ. ಎ. ತಾಮ್ಹಣೆ ಜೊತೆ ಸೇರಿ 1910ರಲ್ಲಿ ನೀರಾ ಕಣಿವೆಯ ಈ ಸವಳು ನೆಲದ ಬಗ್ಗೆ ವರದಿ ಬರೆದರು. ಹೆಚ್ಚಾದ ನೀರು ಎರೆಯಲ್ಲಿ ಇಳಿದುಹೋಗದೆ ಅಂತರ್ಜಲದ ಮಟ್ಟ ಮೇಲೇರುತ್ತದೆ. ಸಣ್ಣ ರಂಧ್ರಗಳು ಅದನ್ನು ಇನ್ನೂ ಮೇಲಕ್ಕೆ ಎಳೆಯುತ್ತವೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಅಲ್ಲೇ ಉಳಿಯುತ್ತದೆ. ಅಥಣಿ, ಜಮಖಂಡಿ ಕಡೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸವಳು-ಜವಳು ಅವರ ಮನೆಮಾತು.

ಉಪ್ಪಷ್ಟೇ ಆಗಿದ್ದರೆ ಒಳ್ಳೆ ನೀರು ಕಟ್ಟಿ ತೊಳೆಯಬಹುದಿತ್ತು. ಆದರೆ ಸೋಡಿಯಂ ಜೇಡಿಗೆ ಅಂಟಿಕೊಂಡರೆ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ, ತೊಳೆಯುವ ನೀರಿಗೇ ದಾರಿಯಿರುವುದಿಲ್ಲ. ಅಲ್ಲಿ ಜಿಪ್ಸಂ ಹಾಕುತ್ತಾರೆ. ಥಾಂಪ್ಸನ್‌ನ ಮಣ್ಣು ಕ್ಯಾಲ್ಸಿಯಂ ಕಳೆದುಕೊಂಡಿತ್ತು. ಇಲ್ಲಿ ಜಿಪ್ಸಮ್ಮಿನ ಕ್ಯಾಲ್ಸಿಯಂ ಒಳಗೆ ಬಂದು ಸೋಡಿಯಂ ಹೊರಬೀಳುತ್ತದೆ. ಹೊರಬಿದ್ದ ಸೋಡಿಯಂ ನೀರಿನ ಜೊತೆ ಹೊಲ ಬಿಟ್ಟು ಹೋಗಬೇಕು. ಅದಕ್ಕೆ ನೆಲದೊಳಗೆ ತೂತಿನ ಕೊಳವೆ ಹೂತು ಹಳ್ಳಕ್ಕೆ ಬಸಿಗಾಲುವೆ ತೋಡಬೇಕು. ಅದಿಲ್ಲದೆ ಹಾಕಿದ ಜಿಪ್ಸಂ ದಂಡ. ಬಸಿಗಾಲುವೆ ಹೋಗಬೇಕಾದದ್ದು ಹೆಚ್ಚಾಗಿ ಪಕ್ಕದವನ ಹೊಲದಲ್ಲಿ, ಅವನನ್ನು ಒಪ್ಪಿಸುವ ಕೆಲಸಕ್ಕೆ ರಸಾಯನಶಾಸ್ತ್ರ ಬರುವುದಿಲ್ಲ.