ಆರು ದಿನದಲ್ಲಿ ಐದು ಪಂದ್ಯ ಗೆದ್ದ ಹುಡುಗರು

1899ರ ನವೆಂಬರ್ 9, ಗುರುವಾರ. ಅಮೆರಿಕದ ಆಸ್ಟಿನ್‌ನಲ್ಲಿ ಸುವಾನಿ ಎಂಬ ಪುಟ್ಟ ಕಾಲೇಜಿನ ಫುಟ್‌ಬಾಲ್ ತಂಡ ಟೆಕ್ಸಾಸ್ ವಿಶ್ವವಿದ್ಯಾಲಯವನ್ನು 12–0ಯಿಂದ ಸೋಲಿಸಿತು. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಮೇಲೆ 10–0. ಅದರ ಮರುದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ಮೇಲೆ 23–0. ಭಾನುವಾರ ಬಿಡುವು. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನಾ ಸ್ಟೇಟ್ ಮೇಲೆ 34–0, ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪಿ ಮೇಲೆ 12–0. ಆರು ದಿನ, ಐದು ಪಂದ್ಯ, ಎದುರಾಳಿಗಳಿಗೆ ಒಂದೇ ಒಂದು ಅಂಕವಿಲ್ಲ.

ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದವನು ನಾನು. ಕಬಡ್ಡಿ ಹುಡುಗರನ್ನು ಅಂತರ ಕಾಲೇಜು ಪಂದ್ಯಾವಳಿಗಳಿಗೆ ರಾತ್ರಿ ರೈಲಿನಲ್ಲಿ ಕರೆದೊಯ್ದಿದ್ದೇನೆ. ಹಾಗಾಗಿ ಈ ಅಂಕಗಳನ್ನು ಓದಿದಾಗ ನನ್ನ ಮನಸ್ಸು ಮೈದಾನಕ್ಕಿಂತ ಮೊದಲು ರೈಲಿನ ಕಡೆ ಹೋಯಿತು. ಟಿಕೆಟ್ ಮಾಡಿಸಿದವರು ಯಾರು? ಊಟ, ನೀರು, ನಿದ್ದೆಯ ಗತಿಯೇನು?

ಅದನ್ನೆಲ್ಲ ನೋಡಿಕೊಂಡವನು ಲ್ಯೂಕ್ ಲೀ, ತಂಡದ ಮ್ಯಾನೇಜರ್. ಅವನೂ ವಿದ್ಯಾರ್ಥಿಯೇ, ವಯಸ್ಸು ಇಪ್ಪತ್ತು. ಪ್ರವಾಸದ ಹಿಂದಿದ್ದದ್ದು ದುಡ್ಡಿನ ಕಷ್ಟ. ಪ್ರತಿ ವರ್ಷ ಒಳ್ಳೆಯ ಗಳಿಕೆ ತರುತ್ತಿದ್ದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜತೆಗಿನ ಪಂದ್ಯ, ಗೇಟಿನ ಹಣ ಹಂಚಿಕೊಳ್ಳುವ ಜಗಳದಲ್ಲಿ ರದ್ದಾಗಿತ್ತು. ಆ ನಷ್ಟ ತುಂಬಲು ಲೀ ಒಂದೇ ಸುತ್ತಿನಲ್ಲಿ ಐದು ಪಂದ್ಯ ಗೊತ್ತು ಮಾಡಿದ. ಹೋಗಿ ಬರುವ ದಾರಿ ಸುಮಾರು 2,500 ಮೈಲಿ. ಕರೆದೊಯ್ದದ್ದು 21 ಆಟಗಾರರನ್ನು. ಊರಿನ ಬುಗ್ಗೆಯ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ ರೈಲಿಗೆ ಹತ್ತಿಸಿದನೆಂದೂ, ಹಿಂದೆಯೇ ಉಳಿದುಹೋದ ಆಟದ ಶೂಗಳನ್ನು ತಂತಿ ಕಳಿಸಿ ತರಿಸಿಕೊಂಡನೆಂದೂ ಹೇಳುತ್ತಾರೆ. ಪರ ಊರಿನ ನೀರು ಕುಡಿದು ಅರ್ಧ ತಂಡ ಮಲಗಿದ್ದನ್ನು ಕಂಡವನಿಗೆ ಆ ಪೀಪಾಯಿಗಳ ಬೆಲೆ ಗೊತ್ತು.

ಇದು ನಮ್ಮ ಫುಟ್‌ಬಾಲ್ ಅಲ್ಲ. ಅಮೆರಿಕದ ಫುಟ್‌ಬಾಲ್‌ನಲ್ಲಿ ಚೆಂಡನ್ನು ಎದೆಗೆ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಬೇಕು. ಮುಂದಕ್ಕೆ ಎಸೆಯಲು ಆಗಿನ್ನೂ ಅನುಮತಿ ಇರಲಿಲ್ಲ, ಅದು ಬಂದದ್ದು 1906ರಲ್ಲಿ. ಆಗಿನ ನಿಯಮದಂತೆ ಮೂರು ಯತ್ನದಲ್ಲಿ ಐದು ಗಜ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಗೆರೆ ದಾಟಿ ಚೆಂಡು ಮುಟ್ಟಿಸಿದರೆ ಐದು ಅಂಕ, ಬಳಿಕ ಒದ್ದು ಕಂಬಗಳ ನಡುವೆ ತೂರಿಸಿದರೆ ಇನ್ನೊಂದು. ಹೊರ ನಡೆದ ಆಟಗಾರ ಮತ್ತೆ ಒಳಬರುವಂತಿರಲಿಲ್ಲ. ಹಾಗಾಗಿ ಅದೇ ಹನ್ನೊಂದು ಮಂದಿ ದಾಳಿಗೂ ರಕ್ಷಣೆಗೂ ನಿಲ್ಲುತ್ತಿದ್ದರು. ನಾಯಕ ಹೆನ್ರಿ ಸೀಬಲ್ಸ್ ಟೆಕ್ಸಾಸ್ ಪಂದ್ಯದಲ್ಲಿ ತಲೆ ಒಡೆದುಕೊಂಡೂ ಆಡಿದ. ಅದನ್ನು ಶೌರ್ಯವೆಂದು ಕೊಂಡಾಡುವವರಿದ್ದಾರೆ. ನನ್ನ ಹುಡುಗನಾಗಿದ್ದರೆ ಆ ಕ್ಷಣವೇ ಹೊರಗೆ ಕೂರಿಸುತ್ತಿದ್ದೆ.

ಸುವಾನಿ ಆಡುತ್ತಿದ್ದದ್ದು ದಕ್ಷಿಣದ ಕಾಲೇಜುಗಳ ಅಥ್ಲೆಟಿಕ್ ಸಂಘದಲ್ಲಿ. ವ್ಯಾಂಡರ್‌ಬಿಲ್ಟ್‌ನ ರಸಾಯನಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ಡಡ್ಲಿ 1894ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಏಳು ಕಾಲೇಜುಗಳನ್ನು ಸೇರಿಸಿ ಕಟ್ಟಿದ ಸಂಘವದು. ವಿದ್ಯಾರ್ಥಿಗಳೇ ಅಲ್ಲದವರನ್ನು ತಂದು ಆಡಿಸುವ ಚಾಳಿಗೆ ಕಡಿವಾಣ ಹಾಕುವುದು ಅದರ ಉದ್ದೇಶಗಳಲ್ಲೊಂದು. ಆ ಕಾಲೇಜುಗಳ ಬಾಗಿಲು ಕಪ್ಪು ವಿದ್ಯಾರ್ಥಿಗಳಿಗೆ ಮುಚ್ಚಿತ್ತೆಂಬುದನ್ನೂ ಹೇಳಲೇಬೇಕು. ಈ ಕಥೆಯ ವೀರರೆಲ್ಲ ಬಿಳಿಯರಾಗಿರುವುದು ಆಕಸ್ಮಿಕವಲ್ಲ.

ಆ ಋತುವಿನ ನಿಜವಾದ ಪರೀಕ್ಷೆ ಬಂದದ್ದು ಪ್ರವಾಸ ಮುಗಿದ ಮೇಲೆ. ನವೆಂಬರ್ 30ರಂದು ಮಾಂಟ್ಗೊಮರಿಯಲ್ಲಿ ಆಬರ್ನ್ ಎದುರಾಯಿತು. ಅದರ ಕೋಚ್ ಜಾನ್ ಹೈಸ್‌ಮನ್. ಇಂದು ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಟ್ರೋಫಿಗೆ ಅವನದೇ ಹೆಸರು. ಆಬರ್ನ್ 10 ಅಂಕ ಗಳಿಸಿತು, ಸುವಾನಿ 11. ತೀರ್ಪುಗಾರರ ಬಗ್ಗೆ ಹೈಸ್‌ಮನ್ ಪತ್ರಿಕೆಯಲ್ಲೇ ಸಿಟ್ಟಿನ ಪತ್ರ ಬರೆದ. ಎರಡು ದಿನ ಕಳೆದು ಅಟ್ಲಾಂಟಾದಲ್ಲಿ ನಾರ್ತ್ ಕೆರೊಲಿನಾ ಮೇಲೆ 5–0. ಋತು ಮುಗಿದಾಗ ಹನ್ನೆರಡಕ್ಕೆ ಹನ್ನೆರಡು ಗೆಲುವು. ಗಳಿಸಿದ ಅಂಕ 322, ಬಿಟ್ಟುಕೊಟ್ಟದ್ದು ಆಬರ್ನ್‌ನ ಆ ಹತ್ತು ಮಾತ್ರ. ಕೋಚ್ ಪ್ರಿನ್ಸ್‌ಟನ್‌ನಿಂದ ಬಂದ ಬಿಲ್ಲಿ ಸೂಟರ್.

ಲೀ ಮುಂದೆ ಪತ್ರಿಕೆ ಸ್ಥಾಪಿಸಿದ, ಟೆನೆಸ್ಸೀಯಿಂದ ಸೆನೆಟರ್ ಆದ. ಸುವಾನಿ 1932ರಲ್ಲಿ ಹುಟ್ಟಿದ ಆಗ್ನೇಯ ಅಮೆರಿಕದ ಕಾಲೇಜುಗಳ ಕ್ರೀಡಾ ಒಕ್ಕೂಟಕ್ಕೂ ಸೇರಿತು. ಆದರೆ ದೊಡ್ಡ ವಿಶ್ವವಿದ್ಯಾಲಯಗಳ ಎದುರು ಅಲ್ಲಿ ಒಂದೂ ಒಕ್ಕೂಟ ಪಂದ್ಯ ಗೆಲ್ಲದೆ 1940ರಲ್ಲಿ ಹೊರಬಂತು.

ಆರು ದಿನದಲ್ಲಿ ಐದು ಪಂದ್ಯದ ಈ ದಾಖಲೆಯನ್ನು ಯಾರೂ ಮುರಿಯಬಾರದು ಎಂಬುದು ನನ್ನ ಆಸೆ. ನಮ್ಮ ಅಂತರ ಕಾಲೇಜು ಪಂದ್ಯಾವಳಿಗಳಲ್ಲಿ ಖರ್ಚು ಉಳಿಸಲು ಒಂದೇ ದಿನ ಎರಡು ಮೂರು ಕಬಡ್ಡಿ ಪಂದ್ಯ ಆಡಿಸುವುದನ್ನು ಕಂಡಿದ್ದೇನೆ. ವೇಳಾಪಟ್ಟಿ ಬರೆಯುವವರಲ್ಲಿ ನನ್ನದೊಂದೇ ಕೋರಿಕೆ: ಮಕ್ಕಳಿಗೆ ಪಂದ್ಯಗಳ ನಡುವೆ ಒಂದು ರಾತ್ರಿಯ ನಿದ್ದೆಯನ್ನಾದರೂ ಬಿಡಿ.